ಗಂಜಿ ಕುಡಿದ ಪುಸ್ತಕ

ಬೆಟಗೇರಿಯ ನೇಕಾರ ಓಣಿಯಲ್ಲಿ ಸುಮಿತ್ರವ್ವ ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆಕೆಯ ಸೊಂಟದಲ್ಲಿ ಒಂದು ಕೀಲಿಕೈ ಗೊಂಚಲು ಇದೆ. ಅದರಲ್ಲಿ ಸ್ವಂತ ಮನೆಯ ಕೀಲಿಕೈ ಇಲ್ಲ. ತನ್ನ ಮನೆಯಲ್ಲಿ ಕೀಲಿ ಹಾಕಿಡುವಂಥದ್ದೇನೂ ಇಲ್ಲ, ಕಳ್ಳ ಬಂದರೆ ಅವನಿಗೇ ಚಹಾ ಕುಡಿಸಿ ಕಳಿಸಬೇಕಾದೀತು ಎನ್ನುತ್ತಾಳೆ. ಇರುವುದೆಲ್ಲ ಚರ್ಚಿನವು: ದೊಡ್ಡ ಬಾಗಿಲಿನದು, ಗಂಟೆಯ ಗೋಪುರದ್ದು, ಮತ್ತು ಪಾಸ್ಟರ ಕೋಣೆಯ ಮೂಲೆಯಲ್ಲಿರುವ ಸಾಗವಾನಿ ಕಪಾಟಿನದು. ಆ ಕಪಾಟಿನಲ್ಲಿ ಸಭೆಯ ಹಳೆಯ ದಫ್ತರವಿದೆ. ಹುಟ್ಟಿದವರು, ಜ್ಞಾನಸ್ನಾನ ಪಡೆದವರು, ಮದುವೆಯಾದವರು, ಮಣ್ಣಾದವರು. ಮನುಷ್ಯ ಬದುಕಿನಲ್ಲಿ ಮಾಡುವ ಮುಖ್ಯ ಕೆಲಸಗಳೆಲ್ಲ ಒಂದೇ ಕಪಾಟಿನಲ್ಲಿ ಮುಗಿದಿವೆ.

ಚರ್ಚಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕಮಿಟಿಯವರು ಸಭೆ ಕರೆಯುತ್ತಾರೆ, ಸಭೆಯವರೇ ಸಭೆ ಸೇರಿದರೆ ಏನಾಗುತ್ತದೆಂಬುದು ಕುಳಿತವರಿಗೆ ಗೊತ್ತು.

ಸುಮಿತ್ರವ್ವ ಈ ಕೆಲಸಕ್ಕೆ ಅರ್ಜಿ ಹಾಕಿದವಳಲ್ಲ. ಹುಟ್ಟಿದ್ದು ಇದೇ ಓಣಿಯಲ್ಲಿ. ಅಪ್ಪ ಮಗ್ಗದಲ್ಲಿ, ಅವ್ವ ರಾಟೆಯ ಮುಂದೆ. ಮಕ್ಕಳು ಅಕ್ಷರ ತಿದ್ದುವ ಮೊದಲೇ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಕಲಿಯುತ್ತಿದ್ದ ಕಾಲ. ಏಳನೆಯ ಇಯತ್ತೆಯ ತನಕ ಓದಿದಳು. ಗಂಡ ದೇವಪುತ್ರಪ್ಪ ವಾರವೆಲ್ಲ ಗದಗಿನ ಒಂದು ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ, ಭಾನುವಾರ ಚರ್ಚಿನ ಗಂಟೆ ಹೊಡೆಯುತ್ತಿದ್ದ. ಅವನು ತೀರಿಕೊಂಡಾಗ ಕಮಿಟಿಯವರು ಹಾರ ತಂದರು, ಕೀಲಿಕೈ ಕೇಳುವುದನ್ನು ಮರೆತರು. ಮುಂದಿನ ಭಾನುವಾರ ಗಂಟೆ ಹೊಡೆಯಲು ಆಕೆಯೇ ಬಂದಳು. ಅಂದಿನಿಂದ ಇಂದಿನವರೆಗೆ ಆಕೆಯನ್ನು ಯಾರೂ ನೇಮಿಸಿಲ್ಲ, ಆದ್ದರಿಂದ ಯಾರೂ ತೆಗೆದುಹಾಕುವಂತೆಯೂ ಇಲ್ಲ. ಇಂಥ ಭದ್ರವಾದ ನೌಕರಿ ಸರಕಾರದಲ್ಲೂ ಸಿಗುವುದಿಲ್ಲ.

ಆಗ ಇದ್ದ ಹಿರಿಯ ಪಾಸ್ಟರೊಬ್ಬರು ಹಳೆಯ ಕೈಬರಹ ಓದುವುದನ್ನು ಆಕೆಗೆ ಕಲಿಸಿದರು. ಹಿಂದಿನ ಕಾಲದ ಉಪದೇಶಿಗಳು ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡದೆ, ಮೋಡಿ ಲಿಪಿಯವರಂತೆ ಒಂದೇ ಎಳೆಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ನೇಕಾರ ಮನೆಯ ಹುಡುಗಿಗೆ ಎಳೆ ಬಿಡಿಸುವುದು ಕಷ್ಟವಾಗಲಿಲ್ಲ. ಈಗಿನ ಪಾಸ್ಟರು ಚಿಕ್ಕವರು, ಬಹಳ ಒಳ್ಳೆಯವರು. ಪಾಸ್ಟರಾದರೂ ಪಾಸ್ಟಿನ ಮೇಲೆ ಅಷ್ಟು ಆಸಕ್ತಿ ಇಲ್ಲ, ಅಷ್ಟೆ. ಈ ಮಾತನ್ನು ನಾನು ಸುಮಿತ್ರವ್ವನ ಮುಂದೆ ಆಡಿದಾಗ ಆಕೆ ನಗಲಿಲ್ಲ. ನನ್ನಂತೆ ಕಾನ್ವೆಂಟಿನಲ್ಲಿ ಕಲಿತವರ ಹಾಸ್ಯ ಕಾನ್ವೆಂಟಿನ ಗೋಡೆ ದಾಟುವುದು ಕಡಿಮೆ.

ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ಕಳೆದ ಮೇಲಿನ ಮೊದಲ ಸಂತೆಯ ದಿನ, ದಫ್ತರಕ್ಕೆ ಗಾಳಿ ಹಾಕುತ್ತಾರೆ. ಚರ್ಚಿನ ಅಂಗಳದ ಬೇವಿನ ಮರದ ನೆರಳಲ್ಲಿ ಹೊರಸು ಹಾಕಿ, ಮೇಲೆ ಹಳೆಯ ಸೀರೆ ಹಾಸಿ, ಪುಸ್ತಕಗಳನ್ನು ಹಪ್ಪಳದಂತೆ ಹರವುತ್ತಾರೆ. ಕಪಾಟಿನ ಹಲಗೆಗಳಿಗೆ ಹೊಸ ಬೇವಿನ ಎಲೆ, ಬಜೆಯ ಬೇರು. ಇಷ್ಟಾದರೆ ಅದು ಮನೆಗೆಲಸ. ಅದನ್ನು ಹಬ್ಬ ಮಾಡುವವರು ಹಳ್ಳಿಯಿಂದ ಬರುವ ಜನ.

ಸೊರಟೂರ, ಹಿರೇಹಂದಿಗೋಳ, ಅಂತೂರ ಬೆಂತೂರ ಕಡೆಯಿಂದ ಸಂತೆಗೆ ಬಂದವರು ಚೀಲ ಹಿಡಿದು ಸೀದಾ ಚರ್ಚಿನ ಅಂಗಳಕ್ಕೆ ಬರುತ್ತಾರೆ. ಬಹಳ ಮಂದಿ ಕ್ರೈಸ್ತರಲ್ಲ. ಕೆಲವರ ಹಣೆಯಲ್ಲಿ ವಿಭೂತಿ, ಕೆಲವರ ಹಣೆಯಲ್ಲಿ ಭಂಡಾರ. ಅವರ ಅಜ್ಜನೋ ಮುತ್ತಜ್ಜಿಯೋ ಹಿಂದಿನ ದೊಡ್ಡ ಬರದಲ್ಲಿ, ಕೂಸಾಗಿದ್ದಾಗ, ಈ ಅಂಗಳಕ್ಕೆ ಗಂಜಿ ಹುಡುಕಿಕೊಂಡು ಬಂದವರು. ಬಂದ ಮಕ್ಕಳ ಹೆಸರನ್ನೆಲ್ಲ ಉಪದೇಶಿಯೊಬ್ಬರು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಮಳೆ ಬಂದ ಮೇಲೆ ಕೆಲವು ಮಕ್ಕಳು ಇಲ್ಲೇ ಉಳಿದರು, ಕೆಲವರನ್ನು ಬಂಧುಗಳು ಬಂದು ಕರೆದೊಯ್ದರು. ಹೋದವರು ತಮ್ಮ ತಮ್ಮ ದೇವರ ಹತ್ತಿರ ಹೋದರು, ಆದರೆ ವರ್ಷಕ್ಕೊಂದು ಸಲ ಬಂದು ಹೆಸರು ಓದಿಸಿಕೊಂಡು ಹೋಗುವುದನ್ನು ಬಿಡಲಿಲ್ಲ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಬರುವವರು ರೊಟ್ಟಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ತರುತ್ತಾರೆ. ಸುಮಿತ್ರವ್ವ ಹೊರಸಿನ ತುದಿಯಲ್ಲಿ ಕುಳಿತು ಒಬ್ಬೊಬ್ಬರ ಹಿರಿಯರ ಸಾಲನ್ನೂ ಬೈಬಲ್ ಓದುವ ರಾಗದಲ್ಲಿ ಓದುತ್ತಾಳೆ. ಆಮೇಲೆ ಎಲ್ಲರೂ ಕೂಡಿ ಊಟ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಪ್ರಾರ್ಥನೆಗಳಲ್ಲಿ ನನಗೆ ಪೂರ್ತಿ ನೆನಪಿರುವುದು ಊಟಕ್ಕೆ ಮುಂಚೆ ಹೇಳುವುದೊಂದೇ. ಈ ಅಂಗಳದಲ್ಲಿ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೆ, ಶೇಂಗಾ ಹೋಳಿಗೆ ಕಣ್ಣ ಮುಂದಿದ್ದಾಗ ಭಕ್ತಿ ತಾನಾಗಿಯೇ ಬರುತ್ತದೆ.

ಹಾಗೆ ಬರುವವರಲ್ಲಿ ಹಿರಿಯಳು ಅಂತೂರ ಬೆಂತೂರಿನ ಹುಚ್ಚವ್ವ. ಎಂಬತ್ತರ ಆಸುಪಾಸು, ನೆಟ್ಟಗೆ ನಡೆಯುತ್ತಾಳೆ, ನೆಟ್ಟಗೇ ಮಾತಾಡುತ್ತಾಳೆ. ಅವಳು ಓದಿಸುವುದು ತನ್ನ ಅಜ್ಜಿ ಕರೆವ್ವನ ಸಾಲನ್ನು. ಸಾಲು ಇಷ್ಟೇ: ‘ಕರೆವ್ವ. ಹೆಣ್ಣು. ಸುಮಾರು ಆರು ವರ್ಷ. ಅಂತೂರಿನವಳು. ತಾಯಿ ದಾರಿಯಲ್ಲಿ ತೀರಿದಳು. ಬಂದ ದಿನ ಗಂಜಿ ಕುಡಿದು, ಮತ್ತೆ ಕೇಳಿ ಕುಡಿದು, ನಕ್ಕಳು.’

ಉಪದೇಶಿ ಉಳಿದ ಮಕ್ಕಳ ಬಗ್ಗೆ ಜ್ವರ, ಕಜ್ಜಿ, ಊದಿದ ಕಾಲು ಎಂದೆಲ್ಲ ಬರೆದಿದ್ದಾರೆ. ನಕ್ಕವಳೆಂದು ಬರೆದಿರುವುದು ಕರೆವ್ವನೊಬ್ಬಳ ಬಗ್ಗೆ ಮಾತ್ರ. ನಾನು ಹುಚ್ಚವ್ವನನ್ನು ಒಮ್ಮೆ ಕೇಳಿದ್ದೆ, ಪ್ರತಿ ವರ್ಷ ಅದನ್ನೇ ಕೇಳಿ ಬೇಸರವಾಗುವುದಿಲ್ಲವೇ ಎಂದು.

“ನಮ್ಮ ಅಜ್ಜಿ ನಕ್ಕದ್ದು ನಾ ನೋಡಿಲ್ಲರಿ,” ಅಂದಳು. “ನಮ್ಮವ್ವನೂ ನೋಡಿಲ್ಲ. ಆಕಿ ನಗೂದು ಆ ಪುಸ್ತಕದಾಗ ಒಂದ.”

ಇನ್ನು ಆ ಪುಸ್ತಕಕ್ಕೆ ಆದದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದ ಕೊನೆಗೆ ಪಾಸ್ಟರ ಕೋಣೆಯ ಹೆಂಚು ಜಾರಿತು. ನೀರು ಕಪಾಟಿನ ಹಿಂಬದಿಯಿಂದ ಇಳಿದು ಬರಗಾಲದ ಪುಸ್ತಕವನ್ನೇ ಹುಡುಕಿಕೊಂಡು ಹೋಯಿತು. ಮಳೆಯೇ ಬಾರದ ವರ್ಷದ ಪುಸ್ತಕದ ಮೇಲೆ ಮಳೆಗೆ ಅದೇನು ಪ್ರೀತಿಯೋ. ಸುಮಿತ್ರವ್ವ ಅದನ್ನು ನೆರಳಿನ ಗಾಳಿಯಲ್ಲಿ ಒಣಗಿಸಿದಳು. ಒಣಗಿತು, ಆದರೆ ಹಾಳೆಗಳೆಲ್ಲ ಹಳೆಯ ಧೋತರದಂತೆ ಜೋತುಬಿದ್ದವು. ಮುಟ್ಟಿದರೆ ಹರಿಯುವ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ಕೈಕಟ್ಟಿ ಕೂರುತ್ತಿದ್ದರು. ಸುಮಿತ್ರವ್ವ ನೇಕಾರ ಮನೆಯವಳು. ಬಲವಿಲ್ಲದ ಎಳೆಗೆ ಬಲ ಕೊಡುವುದು ಹೇಗೆಂದು ಆ ಓಣಿಯ ಕೂಸಿಗೂ ಗೊತ್ತು: ಗಂಜಿ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ತೆಳ್ಳಗಿನ ಗಂಜಿ ಸವರಿ ಒಣಗಿಸುತ್ತಾರೆ. ಆಮೇಲೆ ಆ ನೂಲು ಎಷ್ಟು ಎಳೆದಾಡಿದರೂ ತುಂಡಾಗುವುದಿಲ್ಲ. ಸುಮಿತ್ರವ್ವ ಜೋಳದ ಹಿಟ್ಟಿನ ಗಂಜಿ ಕಾಸಿದಳು, ಮೂರು ಸಲ ಸೋಸಿದಳು, ಕೂಸಿಗೆ ಎಣ್ಣೆ ಹಚ್ಚುವಂತೆ ಹಾಳೆ ಹಾಳೆಗೂ ಹತ್ತಿಬಟ್ಟೆಯಲ್ಲಿ ಸವರಿದಳು. ಗಂಜಿಗಾಗಿ ಬಂದ ಮಕ್ಕಳ ಹೆಸರಿಗೆ ಹೀಗೆ ಮತ್ತೊಂದು ಸಲ ಗಂಜಿ ಬಿತ್ತು. ಹಾಳೆಗಳು ಹೊಸ ನೋಟಿನಂತೆ ಗರಿಗರಿಯಾದವು. ಪಾಸ್ಟರು ಮುಟ್ಟಿ ನೋಡಿ ಹೊಗಳಿದರು. ಕಮಿಟಿಯ ಕಾರ್ಯದರ್ಶಿ ಸುಭಾಷ ತನ್ನ ಅಂಗಿಗೂ ಇಂಥ ಗಂಜಿ ಬಿದ್ದಿಲ್ಲ ಅಂದ.

ತಪ್ಪಿದ್ದು ಒಂದೇ ಕಡೆ. ನೂಲಿಗೆ ಗಂಜಿ ಹಚ್ಚಿದ ಮೇಲೆ ಅದು ಮಗ್ಗದಲ್ಲಿ ಓಡಾಡುತ್ತಿರುತ್ತದೆ. ಪುಸ್ತಕ ಹಾಗಲ್ಲ, ಮುಚ್ಚಿಕೊಂಡು ಕೂರುವ ಜಾತಿ. ಮತ್ತೆ ಮೋಡ ಕವಿಯಿತೆಂದು ಸುಮಿತ್ರವ್ವ ಅದನ್ನು ಮುಚ್ಚಿ, ಬಟ್ಟೆ ಸುತ್ತಿ, ಭಾರ ಹೇರಿ ಕಪಾಟಿನಲ್ಲಿಟ್ಟಳು. ಹಿಂಗಾರಿ ಮಳೆಯ ತಂಪಿನಲ್ಲಿ ಅದು ತನ್ನಷ್ಟಕ್ಕೆ ತಾನು ಅಂಟಿಕೊಳ್ಳುತ್ತಾ ಕುಳಿತಿತು.

ಗಾಳಿ ಹಾಕುವ ದಿನ ಬಂತು. ಹೊರಸು ಬಂತು, ಸೀರೆ ಬಂತು, ಹುಚ್ಚವ್ವ ಬಂದಳು. ಸುಮಿತ್ರವ್ವ ಬಟ್ಟೆ ಬಿಚ್ಚಿ ಪುಸ್ತಕ ತೆರೆಯಲು ಹೋದಳು. ಮೊದಲ ಒಂದೆರಡು ಹಾಳೆ ಎದ್ದವು, ಉಳಿದದ್ದು ಇಟ್ಟಿಗೆ. ಉಗುರು ಹಾಕಲೂ ಸಂದಿಲ್ಲ. ಸ್ವಲ್ಪ ಬಲ ಹಾಕಿದಾಗ ಅಂಚು ಪುಡಿಪುಡಿಯಾಗಿ ಸೀರೆಯ ಮೇಲೆ ಉದುರಿತು. ಉಳಿದವರೆಲ್ಲ ಹೋಗಲಿ ಬಿಡವ್ವಾ, ಮುಂದಿನ ವರ್ಷ ನೋಡೋಣ ಎಂದು ಸಮಾಧಾನ ಹೇಳಿದರು. ಹುಚ್ಚವ್ವ ಮಾತ್ರ ತನ್ನ ಜಾಗದಿಂದ ಏಳಲಿಲ್ಲ.

“ಯಕ್ಕಾ, ನಿನ್ನ ಸಾಲು ನನಗ ಬಾಯಿಪಾಠ ಐತಿ. ಹೇಳ್ಲೇನು?” ಎಂದಳು ಸುಮಿತ್ರವ್ವ.

“ಬಾಯಿಪಾಠ ನನಗೂ ಐತಿ,” ಎಂದಳು ಹುಚ್ಚವ್ವ. “ಬಾಯಿಲೆ ಹೇಳಿದ್ದು ಮಾತು. ಬರದದ್ದು ಓದಿದ್ರ ಖರೆ. ನೀ ಓದು.”

ಓದಲು ಏನೂ ಇರಲಿಲ್ಲ. ಹುಚ್ಚವ್ವ ತಂದಿದ್ದ ರೊಟ್ಟಿಯ ಗಂಟನ್ನು ಹೊರಸಿನ ಮೇಲಿಟ್ಟು, ಉಣ್ಣದೆ ಬಸ್ ಹಿಡಿದಳು. ಸಿಟ್ಟಿಲ್ಲ, ಬೈಗುಳವಿಲ್ಲ. ಬೈದಿದ್ದರೆ ಒಂದು ತುತ್ತಾದರೂ ಇಳಿಯುತ್ತಿತ್ತು ಎಂದು ಸುಮಿತ್ರವ್ವ ಆಮೇಲೆ ಹೇಳಿದಳು. ಮುಂದಿನ ಎರಡು ತಿಂಗಳು ಆಕೆ ಪುಸ್ತಕದ ವಿಚಾರ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಯಾರು ಸಿಕ್ಕರೂ ಅದೇ ಪ್ರಶ್ನೆ: ಅಂಟಿದ್ದನ್ನು ಬಿಡಿಸುವುದು ಹೇಗೆ. ನೀರಲ್ಲಿ ನೆನೆಸು ಎಂದವರುಂಟು. ನೆನೆಸಿದರೆ ಶಾಯಿ ಹೋಗುತ್ತದೆ. ಹಬೆ ಕೊಡು ಎಂದವರುಂಟು. ಪುಸ್ತಕ ಇಡ್ಲಿಯಲ್ಲ.

ಈ ನಡುವೆ ಪಾಸ್ಟರಿಗೆ ಒಂದು ಪತ್ರ ಬಂತು. ಕರಾವಳಿಯ ಒಂದು ಕಾಲೇಜಿನವರು ಊರೂರಿನ ಹಳೆಯ ಚರ್ಚುಗಳ ದಫ್ತರವನ್ನೆಲ್ಲ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಇಡುತ್ತಾರಂತೆ, ಮಾರ್ಚಿನಲ್ಲಿ ಬೆಟಗೇರಿಗೂ ಬರುತ್ತಾರಂತೆ. ಸುಭಾಷನಿಗೆ ಬೆವರು ಬಂತು. ಬರಗಾಲದ ಪುಸ್ತಕ ಹೊರಗೆ ತೆಗೆಯುವುದೇ ಬೇಡ, ಕೇಳಿದರೆ ಹಿಂದೆಯೇ ಕಳೆದಿದೆ ಅನ್ನೋಣ ಎಂದ. ಅವನು ಕೆಟ್ಟವನಲ್ಲ. ಸುಮಿತ್ರವ್ವನ ಮಾನ ಉಳಿಸಲು ಹೇಳಿದ ಮಾತು ಅದು. ಆದರೆ ಫೋಟೋದವರ ಜೀಪು ಬಂದ ದಿನ ಆಕೆ ಗೇಟಿನಲ್ಲೇ ನಿಂತಿದ್ದಳು, ಕ್ಯಾಮೆರಾದ ಪೆಟ್ಟಿಗೆ ಇಳಿಸುತ್ತಿದ್ದ ಹೆಣ್ಣುಮಗಳಿಗೆ ನಮಸ್ಕಾರವನ್ನೂ ಮಾಡದೆ ಹೇಳಿದಳು:

“ಒಂದು ಪುಸ್ತಕಕ್ಕ ಗಂಜಿ ಹಾಕಿ ಕೆಡಿಸೇನ್ರಿ. ಹಾಕಿದಾಕಿ ನಾನ. ಅದನ್ನ ಮೊದಲ ನೋಡ್ರಿ, ಉಳದದ್ದು ಆಮ್ಯಾಲ.”

ಆ ಹೆಣ್ಣುಮಗಳ ಹೆಸರು ವಾಣಿಶ್ರೀ. ಮುಂಡರಗಿಯವರು, ಓದು ಕೆಲಸ ಎಂದು ಕಡಲ ಕಡೆ ಸೇರಿದವರು. ಭಾಷೆ ಇನ್ನೂ ಘಟ್ಟ ಇಳಿದಿರಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಪುಸ್ತಕವನ್ನು ತಿರುವಿ ಮುರುವಿ ನೋಡಿ, ಮೂಸಿದರು.

“ಜೋಳದ ಗಂಜಿನ?”

“ಹೌದ್ರಿ.”

“ಛಲೋ ಮಾಡೀರಿ ಅವ್ವಾರ. ಫೆವಿಕಾಲ್ ಹಚ್ಚಿದವ್ರನ್ನೂ ನೋಡೇನಿ. ಅದಕ್ಕ ಮದ್ದಿಲ್ಲ. ಗಂಜಿ ಅಂದ್ರ ಅನ್ನ, ತಂಪಿಗೆ ಕರಗತೈತಿ.”

ಇಷ್ಟು ದಿನದಲ್ಲಿ ಸುಮಿತ್ರವ್ವನ ಕಣ್ಣು ತುಂಬಿದ್ದು ಆಗಲೇ. ವಾಣಿಶ್ರೀ ವಿವರಿಸಿದರು. ನೀರು ತಾಗಬಾರದು, ಬರೀ ನೀರಿನ ತಂಪು ತಾಗಬೇಕು, ಅದೂ ನಿಧಾನವಾಗಿ, ದಿನಗಟ್ಟಲೆ. ಆಗ ಗಂಜಿ ಮೆತ್ತಗಾಗಿ ಹಾಳೆ ಬಿಡುತ್ತದೆ. ಅದಕ್ಕೊಂದು ಪೆಟ್ಟಿಗೆ ಕಾಲೇಜಿನಲ್ಲಿದೆ. ಆದರೆ ಇಷ್ಟು ಒಣಗಿದ ಪುಸ್ತಕವನ್ನು ಘಟ್ಟದ ರಸ್ತೆಯಲ್ಲಿ ಒಯ್ದರೆ ಅಲ್ಲಿಗೆ ಮುಟ್ಟುವುದು ಅವಲಕ್ಕಿ. ಇಲ್ಲೇ ಏನಾದರೂ ಮಾಡಬೇಕು. ಅವರು ಇರುವುದು ತಿಂಗಳ ಕೊನೆಯವರೆಗೆ. ಅಷ್ಟರಲ್ಲಿ ಬಿಡಿಸಿಕೊಂಡರೆ ಫೋಟೋ, ಇಲ್ಲದಿದ್ದರೆ ಪುಸ್ತಕ ಹೀಗೆಯೇ ಕಪಾಟಿಗೆ.

ಮೊದಲು ಪಾಸ್ಟರ ಕೋಣೆಯಲ್ಲೇ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿ, ಒಳಗೆ ನೀರಿನ ಬೋಗುಣಿ ಇಟ್ಟರು. ಗದಗಿನ ಮಾರ್ಚಿನ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಮಧ್ಯಾಹ್ನಕ್ಕೆ ಗುಡಾರದ ಒಳಗೆಲ್ಲ ಬೆವರು. ಒಂದು ಹನಿ ಪುಸ್ತಕದ ಮೇಲೆ ಬೀಳುವುದಕ್ಕೂ ವಾಣಿಶ್ರೀ ಅದನ್ನು ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ಗುಡಾರ ಕಿತ್ತರು. ಬಿಸಿಲು ತಾಗದ, ಗಾಳಿ ಆಡದ, ಹಗಲೂ ಇರುಳೂ ಒಂದೇ ಸಮ ತಂಪಿರುವ ಜಾಗ ಈ ಊರಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳಿದರು.

ಆ ಪ್ರಶ್ನೆಗೆ ನಾವು ಹಳೆಯ ಬಾವಿಯಿಂದ ಹಿಡಿದು ಬ್ಯಾಂಕಿನ ಎಸಿ ಕೋಣೆಯ ತನಕ ಎಲ್ಲವನ್ನೂ ಹೇಳಿದೆವು. ಸುಮಿತ್ರವ್ವ ಎದ್ದು ಹೋಗಿ ಎದುರು ಮನೆಯ ಸಕ್ರಪ್ಪನನ್ನು ಕರೆದುಕೊಂಡು ಬಂದಳು.

ಸಕ್ರಪ್ಪ ಆ ಓಣಿಯಲ್ಲಿ ಇನ್ನೂ ಕುಣಿಮಗ್ಗ ನೇಯುವವನು. ಆ ಹೆಸರು ಕೇಳಿದಾಗ ಮಗ್ಗ ಕುಣಿಯುತ್ತದೆ ಎಂದುಕೊಂಡಿದ್ದ ಕಾಲ ನನಗಿತ್ತು. ಕುಣಿ ಎಂದರೆ ಗುಂಡಿ. ನೆಲದಲ್ಲಿ ತೆಗೆದ ಗುಂಡಿಯೊಳಗೆ ಕಾಲಿಳಿಸಿ ಕುಳಿತು, ಅಲ್ಲಿನ ಹಲಗೆ ತುಳಿಯುತ್ತಾ ನೇಯುತ್ತಾರೆ. ಬೇಸಿಗೆಯಲ್ಲಿ ನೂಲು ಒಣಗಿ ಪಟಪಟ ಹರಿಯಬಾರದೆಂದು ಕುಣಿಯ ತಳಕ್ಕೆ ಹಸಿ ಗೋಣಿ ಹಾಸುವುದು ಹಳೆಯ ಪದ್ಧತಿ. ಕೆಳಗಿನಿಂದ ಏಳುವ ತಂಪಿಗೆ ಗಂಜಿ ಹಾಕಿದ ಎಳೆ ಮೆತ್ತಗಿರುತ್ತದೆ. ವಾಣಿಶ್ರೀ ಕೇಳುತ್ತಿದ್ದದ್ದೂ ಅದೇ, ಕಾಲೇಜಿನಲ್ಲಿ ಅದಕ್ಕೆ ಪೆಟ್ಟಿಗೆ ಎನ್ನುತ್ತಾರೆ, ನಮ್ಮಲ್ಲಿ ಕುಣಿ. ಅವರು ಸಕ್ರಪ್ಪನ ಮನೆಗೆ ಹೋಗಿ, ತಂಪು ಅಳೆಯುವ ಚಿಕ್ಕ ಗಡಿಯಾರವನ್ನು ಕುಣಿಯೊಳಗಿಟ್ಟು ಒಂದು ಹಗಲು ಒಂದು ಇರುಳು ಕಾದರು. ಮುಳ್ಳು ಹೆಚ್ಚೂಕಮ್ಮಿ ಅಲುಗಲಿಲ್ಲ.

ತೊಡಕು ಒಂದಿತ್ತು. ಪುಸ್ತಕ ಕುಣಿಯಲ್ಲಿದ್ದರೆ ಸಕ್ರಪ್ಪ ಕಾಲು ಇಳಿಸುವಂತಿಲ್ಲ, ಕಾಲು ಇಳಿಸದೆ ನೇಯುವಂತಿಲ್ಲ. ಮಗ್ಗದ ಮೇಲೆ ಮಗಳು ಶಾಂಭವಿಯ ಕುಬಸದ ಕಾರ್ಯಕ್ಕೆಂದು ಏರಿಸಿದ ಸೀರೆ ಅರ್ಧಕ್ಕೆ ಬಂದಿತ್ತು. ಚೊಚ್ಚಲ ಬಸುರಿಗೆ ಅಪ್ಪನ ಕೈಯಿಂದ ನೇಯ್ದ ಸೀರೆ ಉಡಿಸಬೇಕೆಂಬುದು ಆ ಮನೆಯ ಆಸೆ. ಸಕ್ರಪ್ಪನ ಹೆಂಡತಿ ಸಾವಿತ್ರೆವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬಯಕಿ ಆಗಿದ್ದು ನನ್ನ ಮಗಳಿಗೆ. ಪುಸ್ತಕಕ್ಕೂ ಆಗೇತೇನ್ರಿ, ಕುಣಿಯಾಗ ಕುಂಡ್ರೂವಷ್ಟು?”

ಸಕ್ರಪ್ಪ ತಲೆ ಕೆರೆದುಕೊಂಡ. ಕುಬಸಕ್ಕೆ ಅಂಗಡಿಯ ಸೀರೆ ತಂದರಾಯಿತು, ಇದನ್ನು ಮುಗಿಸಿ ತೊಟ್ಟಿಲ ಕಾರ್ಯಕ್ಕೆ ಕೊಡೋಣ ಎಂದ. ಸಾವಿತ್ರೆವ್ವ ಒಪ್ಪಲಿಲ್ಲ. ಆಗ ಅವನು ಒಂದು ಮಾತು ಅಂದ.

“ಈ ಮಗ್ಗಕ್ಕ ಇಷ್ಟು ವರ್ಷ ಕಂಡಿಕಿ ಸುತ್ತಿ ಕೊಟ್ಟಾಕಿ ಸುಮಿತ್ರಕ್ಕ. ಆಕಿ ಒಂದಿನಾನೂ ಏನೂ ಬೇಡಿಲ್ಲ. ಇವತ್ತ ಬೇಡ್ಯಾಳ. ನಾ ಇಲ್ಲ ಅಂದ್ರ ಆ ಮಗ್ಗದ ಮುಂದ ಹ್ಯಾಂಗ ಕುಂಡ್ರಲಿ?”

ಸಾವಿತ್ರೆವ್ವ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಎರಡು ತೊಳೆದ ಗೋಣಿಚೀಲಗಳಿದ್ದವು. ಹಳೆಯ ಗೋಣಿಯಲ್ಲಿ ಇರುವೆ ಇರುತ್ತವೆ, ಇವನ್ನು ಹಾಸಿರಿ ಎಂದಳು.

ಕುಣಿಯ ತಳದಲ್ಲಿ ಹಸಿ ಗೋಣಿ, ಅದರ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ತೆಳುವಾದ ಬಟ್ಟೆ ಹೊದ್ದ ಪುಸ್ತಕ. ಬಾಯಿಗೆ ಕಂಬಳಿ. ಅರ್ಧ ನೇಯ್ದ ಕುಬಸದ ಸೀರೆ ಮೇಲೆ ಹಂದರದಂತೆ. ಗೋಣಿ ಒಣಗದಂತೆ ನೀರು ಚಿಮುಕಿಸುವ ಕೆಲಸವನ್ನು ಯಾರೂ ಹೇಳದೆ ಸಾವಿತ್ರೆವ್ವ ಹಿಡಿದಳು, ಇಲಿ ಕಾಯುವ ಕೆಲಸವನ್ನು ಓಣಿಯ ಬೆಕ್ಕುಗಳಿಗೆ ಬಿಟ್ಟರು. ಕೆಲಸವಿಲ್ಲದ ಸಕ್ರಪ್ಪ ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರಿಗೆಲ್ಲ ತನ್ನ ಮಗ್ಗ ಈಗ ಓದು ಕಲಿಯುತ್ತಿದೆ ಎನ್ನುತ್ತಿದ್ದ. ವಾಣಿಶ್ರೀ ಹಗಲೆಲ್ಲ ಚರ್ಚಿನಲ್ಲಿ ಉಳಿದ ಪುಸ್ತಕಗಳ ಫೋಟೋ ತೆಗೆದು, ಸಂಜೆ ಬಂದು ಕಂಬಳಿ ಎತ್ತಿ ನೋಡುತ್ತಿದ್ದರು. ಇನ್ನೂ ಇಲ್ಲ ಎಂಬಂತೆ ತಲೆ ಆಡಿಸುತ್ತಿದ್ದರು. ಸುಮಿತ್ರವ್ವ ಆ ತಲೆಯನ್ನೇ ನೋಡುತ್ತಾ ನಿಂತಿರುತ್ತಿದ್ದಳು.

ತಿಂಗಳು ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ತಲೆ ಬೇರೆ ರೀತಿ ಆಡಿತು. ಪುಸ್ತಕವನ್ನು ಮೇಲೆತ್ತಿ, ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತರು. ವಾಣಿಶ್ರೀಯ ಕೈಯಲ್ಲಿ ಎಲೆಯಷ್ಟು ತೆಳುವಾದ ಉಕ್ಕಿನ ಪಟ್ಟಿ. ಅವರು ಅಂಚಿನಲ್ಲಿ ಸಂದು ಮಾಡಿಕೊಡುವುದು, ಸುಮಿತ್ರವ್ವ ಎರಡು ಬೆರಳಲ್ಲಿ ಹಾಳೆ ಎತ್ತುವುದು. ಮೊದಲ ಹಾಳೆ ಎದ್ದಾಗ ಹಸಿ ದೋಸೆ ಕಾವಲಿಯಿಂದ ಬಿಡುವಂಥ ಸಣ್ಣ ಸದ್ದು. ಎರಡನೆಯದು ಎದ್ದಿತು. ಮೂರನೆಯದು ಅರ್ಧಕ್ಕೆ ನಿಂತಿತು, ಅದನ್ನು ಬಲವಂತ ಮಾಡದೆ ಮತ್ತೆ ತಂಪಿಗೆ ಇಟ್ಟು, ಮಧ್ಯಾಹ್ನ ಎತ್ತಿದರು. ಹೀಗೆ ಆ ವಾರವೆಲ್ಲ ನಡೆಯಿತು. ಎಲ್ಲವೂ ಬಿಡಲಿಲ್ಲ. ಕೊನೆಯ ಕಡೆಯ ಒಂದು ಹಿಡಿ ಹಾಳೆಗಳು ಇವತ್ತಿಗೂ ಇಟ್ಟಿಗೆಯೇ. ಅಲ್ಲಿರುವ ಮಕ್ಕಳ ಹೆಸರು ಸುಮಿತ್ರವ್ವನಿಗೆ ಕೆಲವು ನೆನಪಿವೆ, ಕೆಲವು ಇಲ್ಲ. ಆ ಸಂಕಟ ಆಕೆಗೆ ಇದ್ದೇ ಇದೆ. ಅದರ ಬಗ್ಗೆ ನಾನು ತಮಾಷೆ ಮಾಡಲಾರೆ.

ಕರೆವ್ವನ ಹಾಳೆ ಬಿಟ್ಟುಕೊಳ್ಳುತ್ತಿದೆ ಎಂದು ಕಂಡ ಕೂಡಲೇ ಅಂತೂರ ಬೆಂತೂರಿಗೆ ಫೋನು ಹೋಯಿತು. ಹುಚ್ಚವ್ವ ಮೊದಲ ಬಸ್ಸಿಗೇ ಬಂದು, ಸಕ್ರಪ್ಪನ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಅವಳ ಎದುರಿಗೇ ಹಾಳೆ ಎತ್ತಿದರು. ಮೇ‌ಲಿನ ಮಗ್ಗುಲು ಸ್ವಚ್ಛವಾಗಿ ಬಂತು. ಕೆಳಗೆ ಒಂದು ಕಡೆ, ಪೈಸೆಯಗಲದಷ್ಟು, ಕಾಗದದ ಸಿಪ್ಪೆ ಎದುರು ಹಾಳೆಗೇ ಕಚ್ಚಿಕೊಂಡು ಹರಿಯಿತು. ವಾಣಿಶ್ರೀ ತಟ್ಟನೆ ಕೈ ತಡೆದರು, ಆದರೆ ಆಗಿಹೋಗಿತ್ತು.

“ಓದು,” ಎಂದಳು ಹುಚ್ಚವ್ವ.

ಸುಮಿತ್ರವ್ವ ಕನ್ನಡಕ ಒರೆಸಿಕೊಂಡು ಓದಿದಳು. ಕರೆವ್ವ. ಹೆಣ್ಣು. ಸುಮಾರು ಆರು ವರ್ಷ. ಅಂತೂರಿನವಳು. ತಾಯಿ ದಾರಿಯಲ್ಲಿ ತೀರಿದಳು. ಬಂದ ದಿನ ಗಂಜಿ ಕುಡಿದು, ಮತ್ತೆ ಕೇಳಿ ಕುಡಿದು. ಅಷ್ಟು ಓದಿ ನಿಂತಳು. ಮುಂದಿನ ಪದ ಇದ್ದ ಜಾಗದಲ್ಲಿ ಬೆಳ್ಳಗಿನ ಗಾಯ.

ಅಲ್ಲಿ ಕುಳಿತಿದ್ದ ನಮಗೆಲ್ಲರಿಗೂ ಆ ಪದ ಗೊತ್ತಿತ್ತು. ಸುಮಿತ್ರವ್ವ ಅದನ್ನು ಓದಿದಂತೆ ನಟಿಸಿ ಮುಗಿಸಿಬಿಡಬಹುದಿತ್ತು, ಹುಚ್ಚವ್ವನಿಗೆ ಅಕ್ಷರ ಬಾರದು. ಆಕೆ ಹಾಗೆ ಮಾಡಲಿಲ್ಲ.

“ಇಲ್ಲಿ ಹರದೈತಿ ಯಕ್ಕಾ. ನಗೂ ಮಾತು ಇಲ್ಲ.”

ಸಾವಿತ್ರೆವ್ವ ಹುಚ್ಚವ್ವನ ಬಳಿ ನೀರಿನ ತಂಬಿಗೆ ಇಟ್ಟಳು. ವಾಣಿಶ್ರೀ ಹಾಳೆಯ ಫೋಟೋ ತೆಗೆದು, ಪಕ್ಕದಲ್ಲಿದ್ದ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಕೆಳಗೆ ಏನೋ ಟೈಪ್ ಮಾಡುವ ಮೊದಲು ಹುಚ್ಚವ್ವನ ಕಡೆ ತಿರುಗಿ ಕೇಳಿದರು. ಹರಿದ ಜಾಗದಲ್ಲಿ ಏನಿತ್ತು ಎಂಬುದನ್ನು ತಾವೇ ಬರೆಯುವಂತಿಲ್ಲ, ತಾವು ನೋಡಿಲ್ಲ. ಕಂಡವರು, ಕೇಳಿದವರು ಸಾಕ್ಷಿ ಹೇಳಿದರೆ ಅವರ ಹೆಸರು ಹಾಕಿ ಬರೆಯುವುದು ಈ ಕೆಲಸದ ಕ್ರಮ. ಹೇಳುತ್ತೀರಾ ಎಂದರು.

“ನಾ ಕಂಡಿಲ್ಲವಾ. ಕೇಳೇನಿ. ನಮ್ಮವ್ವ ಕೇಳಿದ್ಲು, ಆಕಿ ಹೋದ ಮ್ಯಾಲ ನಾ ಕೇಳೇನಿ, ಈಕಿ ಬಾಯಿಂದ, ಈಕಿಕಿಂತ ಮೊದಲಿನವ್ರ ಬಾಯಿಂದ. ನಕ್ಕಳು ಅಂತಿತ್ತು.”

“ಓದಿದವ್ರು?”

“ಓದೇನ್ರಿ,” ಎಂದಳು ಸುಮಿತ್ರವ್ವ. “ಹರಿಯೂಕಿಂತ ಮೊದಲ ವರ್ಷಾ ವರ್ಷಾ ಓದೇನಿ. ನಕ್ಕಳು ಅಂತ ಇತ್ತು. ಗಂಜಿ ಹಾಕಿದ್ದೂ ನಾನ. ಅದನ್ನೂ ಬರಕೋರಿ.”

ವಾಣಿಶ್ರೀ ನಗದೆ, ಎಲ್ಲವನ್ನೂ ಟೈಪ್ ಮಾಡಿ, ಕಂಪ್ಯೂಟರನ್ನು ಸುಮಿತ್ರವ್ವನ ಕಡೆ ತಿರುಗಿಸಿದರು. ಇನ್ನು ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಈ ಹಾಳೆಯನ್ನು ತೆರೆದರೂ ಕೆಳಗೆ ಈ ಸಾಲು ಕಾಣುತ್ತದೆ ಎಂದರು.

ಹುಚ್ಚವ್ವ ಕಂಬ ಬಿಟ್ಟು ಮುಂದೆ ಸರಿದು ಕುಳಿತಳು. “ಅದು ಬರದದ್ದೇನು ಈಗ?”

“ಬರದದ್ದ, ಯಕ್ಕಾ.”

“ಹಂಗಾದ್ರ ಓದು.”

ಸುಮಿತ್ರವ್ವ ಸೆರಗು ಸರಿಮಾಡಿಕೊಂಡು, ಅದೇ ಬೈಬಲಿನ ರಾಗದಲ್ಲಿ ಶುರು ಮಾಡಿದಳು: “ಇಲ್ಲಿ ಹರಿದ ಪದ, ನಕ್ಕಳು. ಹೀಗೆಂದು ಕರೆವ್ವನ ಮೊಮ್ಮಗಳು, ಅಂತೂರ ಬೆಂತೂರಿನ ಹುಚ್ಚವ್ವ, ತಾಯಿಯ ಕಾಲದಿಂದ ಕೇಳಿ ಬಲ್ಲಳು. ವರ್ಷಾನುವರ್ಷ ಓದಿದವಳು, ಪುಸ್ತಕಕ್ಕೆ ಗಂಜಿ ಹಾಕಿದವಳು...” ತನ್ನ ಹೆಸರು ಬಂದಾಗ ಆಕೆಯ ರಾಗ ತಪ್ಪಿತು. ತಡವರಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡಳು. ಇಷ್ಟು ಜನರ ಹೆಸರು ಓದಿದವಳಿಗೆ ತನ್ನದೊಂದು ಹೆಸರು ಓದಲು ಬರಲಿಲ್ಲ.

ಅದನ್ನು ಸಕ್ರಪ್ಪ ಓದಿದ. ಹುಚ್ಚವ್ವ ಕೈ ಮುಗಿದದ್ದು ಪುಸ್ತಕಕ್ಕೋ, ಸುಮಿತ್ರವ್ವನಿಗೋ, ವಾಣಿಶ್ರೀಗೋ, ಕುಣಿಗೋ ತಿಳಿಯಲಿಲ್ಲ. ನಡುವೆ ಎಲ್ಲರೂ ಕುಳಿತಿದ್ದೆವು, ಯಾರಿಗೆ ಬೇಕಾದರೂ ಸಲ್ಲುವಂತಿತ್ತು. ಆಮೇಲೆ ಅವಳು ತನ್ನ ಚೀಲದಿಂದ ರೊಟ್ಟಿಯ ಗಂಟು ತೆಗೆದು ಬಿಚ್ಚಿ, ಮೊದಲ ರೊಟ್ಟಿಯನ್ನು ಸುಮಿತ್ರವ್ವನ ಕೈಗಿಟ್ಟು, ಎರಡನೆಯದನ್ನು ತಾನು ಮುರಿದಳು.